ರಜೆಯಲ್ಲೂ ಧರ್ಮೋಪದೇಶನಾ?

ಪ್ರಶ್ನೆ: ಏಳನೇ ತರಗತಿಯ ಮಗಳು ಚರ್ಚಿನ ಬೇಸಿಗೆ ಧರ್ಮೋಪದೇಶ ಶಿಬಿರ ಅಂದರೆ ಮುಖ ಊದಿಸುತ್ತಾಳೆ. ಬಲವಂತ ಮಾಡಲಾ?

ಉತ್ತರ: ಮೊದಲು ದಿನಚರಿ ಕೇಳಿ ನೋಡಿ. ಬರೀ ನೋಟ್ಸ್ ಬರೆಸುವುದಾದರೆ ಅವಳ ಮುನಿಸು ನ್ಯಾಯವೇ ಅಲ್ವಾ? ಈ ವಯಸ್ಸಿಗೆ ಬಾಯಿಪಾಠ ಸಾಲುವುದಿಲ್ಲ. ಪಾಪನಿವೇದನೆಯನ್ನು ಚರ್ಚಿನ ಗುರುಗಳ ಹತ್ತಿರವೇ ಯಾಕೆ ಮಾಡಬೇಕು, ದೇವರಿಗೆ ನೇರವಾಗಿ ಹೇಳಿದರೆ ಆಗಲ್ವಾ ಅನ್ನುವಂಥ ಪ್ರಶ್ನೆಗಳಿಗೆ ಭಾನುವಾರದ ತರಗತಿಯಲ್ಲಿ ಪುರುಸೊತ್ತು ಸಿಗುವುದು ಕಷ್ಟ, ಶಿಬಿರದಲ್ಲಿ ಕೂತು ಮಾತಾಡಬಹುದು. ಬಲಿಪೂಜೆ (ಚರ್ಚಿನ ಮಾಸ್), ಆಟ, ಸೇವೆಯ ಕೆಲಸ ಇದ್ದರೆ ಕಳಿಸಿ. 2025ರಲ್ಲಿ ಸಂತರೆಂದು ಘೋಷಿಸಲಾದ ಕಾರ್ಲೊ ಅಕ್ಯುಟಿಸ್ ಕಥೆ ಹೇಳಿ: 15ನೇ ವಯಸ್ಸಿಗೇ ತೀರಿಕೊಂಡ ಆ ಹುಡುಗ ಪರಮಪ್ರಸಾದದ (ಬಲಿಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿಯ) ಪವಾಡಗಳ ಬಗ್ಗೆ ವೆಬ್‌ಸೈಟ್ ಮಾಡಿದ್ದ. ದೃಢೀಕರಣ (ವಿಶ್ವಾಸವನ್ನು ಗಟ್ಟಿಗೊಳಿಸುವ ಚರ್ಚಿನ ಸಂಸ್ಕಾರ) ಹತ್ತಿರವಿದ್ದರೆ ಶಿಬಿರದ ಹಾಜರಿ ಲೆಕ್ಕಕ್ಕೆ ಬರುತ್ತಾ ಅಂತ ಫಾದರ್ ಹತ್ತಿರ ಈಗಲೇ ಕೇಳಿಬಿಡಿ.