ಅರ್ಧ ಬೆಲೆಯ ಟ್ರ್ಯಾಕ್ಟರ್: ಮೊದಲು ಸ್ಪೇರ್ ಪಾರ್ಟ್ಸ್ ಎಲ್ಲಿದೆ ಕೇಳಿ

ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನಮ್ಮದು ಸಣ್ಣ ಜಮೀನು. 25 ಎಚ್‌ಪಿ ಟ್ರ್ಯಾಕ್ಟರ್ ಸಾಕು. ಹೊರದೇಶದಿಂದ ತರಿಸಿದ ಹೊಸ ಟ್ರ್ಯಾಕ್ಟರ್ ಒಂದು, ಹೆಸರಾದ ಕಂಪನಿಯದಕ್ಕಿಂತ ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗುತ್ತಿದೆ. "ಒಳಗೆ ಎಲ್ಲಾ ಒಂದೇ ಸರ್, ನೀವು ಸುಮ್ನೆ ಹೆಸರಿಗೆ ದುಡ್ಡು ಕೊಡ್ತೀರಿ" ಎನ್ನುತ್ತಾರೆ ಮಾರುವವರು. ತಮ್ಮ ಮಾತ್ರ ಬೇಡವೇ ಬೇಡ ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಅರ್ಧ ಸರಿ. ಹೆಸರಿಗೂ ದುಡ್ಡು ಹೋಗುತ್ತದೆ, ನಿಜ. ಆದರೆ ಆ ದುಡ್ಡಿಗೆ ಬರೀ ಹೆಸರು ಬರುವುದಿಲ್ಲ. ಗೋದಾಮಿನಲ್ಲಿ ಸಿದ್ಧವಾಗಿರುವ ಕ್ಲಚ್ ಪ್ಲೇಟು, ಕರೆ ಮಾಡಿದರೆ ಫೋನ್ ಎತ್ತುವ ಡೀಲರ್, ಹತ್ತು ವರ್ಷ ಆದಮೇಲೂ ಸಿಗುವ ಆಯಿಲ್ ಸೀಲು, ಎಲ್ಲ ಅದರಲ್ಲೇ ಸೇರಿರುತ್ತದೆ. ನೀವು ಬಿಟ್ಟುಕೊಡುತ್ತಿರುವುದು ಇದನ್ನು. ಬಿಟ್ಟರೆ ನಡೆಯುತ್ತದಾ ಎನ್ನುವುದನ್ನು ನೋಡಿಕೊಳ್ಳಬೇಕು.

ಅಗ್ಗದಲ್ಲೂ ಎರಡು ಜಾತಿ. ವಿನ್ಯಾಸ ಹಳೆಯದು, ಗೇರ್‌ಬಾಕ್ಸ್ ಸರಳ, ಎಲೆಕ್ಟ್ರಾನಿಕ್ಸ್ ಇಲ್ಲ, ಸೀಟು ಗಟ್ಟಿ, ಪೇಂಟ್ ತೆಳು. ಈ ಕಾರಣಕ್ಕೆ ಬೆಲೆ ಇಳಿದಿದ್ದರೆ ನನಗೆ ತಕರಾರಿಲ್ಲ. ಸರಳ ಯಂತ್ರವನ್ನು ರಿಪೇರಿ ಮಾಡುವುದೂ ಸುಲಭ. ಇನ್ನೊಂದು ಜಾತಿ ಇದೆ. ಎರಕ ಹೊಯ್ದ ಮೇಲೆ ಅಚ್ಚಿನ ಮರಳನ್ನು ಸರಿಯಾಗಿ ತೊಳೆದಿರುವುದಿಲ್ಲ, ಬೋಲ್ಟ್ ಬಿಗಿಯಾಗಿದೆಯಾ ಎಂದು ಯಾರೂ ನೋಡಿರುವುದಿಲ್ಲ, ಓಡಿಸಿ ಪರೀಕ್ಷೆ ಮಾಡಿರುವುದಿಲ್ಲ. ಹಾಗೇ ಪೆಟ್ಟಿಗೆಗೆ ಹಾಕಿ ಕಳಿಸಿರುತ್ತಾರೆ. ಅದೂ ಅಗ್ಗವೇ. ಶೋರೂಮಿನಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ. ನನ್ನ ವರ್ಕ್‌ಶಾಪಿಗೆ ಬಂದ ಒಂದು ಹೊಸ ಗಾಡಿಯ ಗೇರ್ ಆಯಿಲ್ ಇಳಿಸಿದಾಗ, ಟ್ರೇ ತಳದಲ್ಲಿ ಎರಕದ ಮರಳು ಕೈಗೆ ಸಿಕ್ಕಿತು. ಮಾಲೀಕರ ಮುಖ ನೋಡುವ ಹಾಗಿರಲಿಲ್ಲ.

ಅಪರಿಚಿತ ಟ್ರ್ಯಾಕ್ಟರ್ ಕಂಡರೆ ನಾನು ಮೊದಲು ಕೇಳುವುದು, "ಇದರ ಅಪ್ಪ ಯಾರು?" ತಮಾಷೆ ಅಲ್ಲ. ಜಗತ್ತಿನ ಎಷ್ಟೋ ಅಗ್ಗದ ಟ್ರ್ಯಾಕ್ಟರ್‌ಗಳು ದೊಡ್ಡ ಕಂಪನಿಗಳ ಹಳೆಯ ಮಾದರಿಗಳ ಮಕ್ಕಳು. ಯುಗೊಸ್ಲಾವಿಯದ ಐಎಂಟಿ ಕಾರ್ಖಾನೆ ಮ್ಯಾಸಿ ಫರ್ಗುಸನ್ ಲೈಸೆನ್ಸ್ ಪಡೆದು ಗಾಡಿ ಮಾಡುತ್ತಿತ್ತು. ರೊಮೇನಿಯದ ಯುನಿವರ್ಸಲ್ ಫಿಯಟ್ ಲೈಸೆನ್ಸಿನ ಮೇಲೆ ನಡೆಯಿತು. ಬೆಲಾರುಸ್ ದೇಶದ ಮಿನ್ಸ್ಕ್‌ನ ಎಂಟಿಝಡ್-80 ಯಾರ ಲೈಸೆನ್ಸೂ ಇಲ್ಲದ ಸ್ವಂತ ಮಾದರಿ. 1974ರಲ್ಲಿ ಬಂದದ್ದು ದೊಡ್ಡ ಬದಲಾವಣೆ ಇಲ್ಲದೆ ದಶಕಗಟ್ಟಲೆ ತಯಾರಾಯಿತು. ಅದರ ಸೀಟಿನಲ್ಲಿ ಕೂತರೆ ಯಾರಿಗೂ ಸುಖ ಇಲ್ಲ, ಆದರೆ ಪಾರ್ಟ್ಸ್ ಹುಡುಕಿ ಸೋತವರು ಕಮ್ಮಿ. ನೀವು ನೋಡುತ್ತಿರುವ ಗಾಡಿಯ ಎಂಜಿನ್ ಇಂಥ ಹೆಸರಾದ ಮಾದರಿಯದ್ದಾಗಿದ್ದರೆ, ಪಿಸ್ಟನ್ ರಿಂಗು, ಗ್ಯಾಸ್ಕೆಟ್, ಲೈನರ್ ಬೇರೆ ಕಡೆಯಿಂದಲೂ ತರಿಸಬಹುದು. "ನಮ್ಮದೇ ವಿಶೇಷ ಎಂಜಿನ್" ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

"ಹೆಸರಿನಲ್ಲಿ ಏನಿದೆ" ಎಂಬ ಮಾತಿಗೆ ಒಂದು ಹಳೆಯ ಕಥೆ ಇದೆ. 1910ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ವಿಲ್ಮಟ್ ಕ್ರೋಜಿಯರ್ ಎಂಬ ರೈತ ಒಂದು 'ಫೋರ್ಡ್' ಟ್ರ್ಯಾಕ್ಟರ್ ಕೊಂಡ. ಹೆನ್ರಿ ಫೋರ್ಡ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಫೋರ್ಡ್ ಎಂಬ ಮನೆತನದ ಹೆಸರಿನ ಒಬ್ಬರನ್ನು ಸೇರಿಸಿಕೊಂಡು, ಆ ಹೆಸರು ಅಂಟಿಸಿ ಮಾರುತ್ತಿದ್ದರು. ಗಾಡಿ ಕೈಕೊಟ್ಟಿತು. ಈ ಮನುಷ್ಯ ಮುಂದೆ ಶಾಸನಸಭೆಗೆ ಹೋಗಿ, 1919ರಲ್ಲಿ ಒಂದು ಕಾನೂನು ಬರುವುದಕ್ಕೆ ಕಾರಣನಾದ. ರಾಜ್ಯದಲ್ಲಿ ಟ್ರ್ಯಾಕ್ಟರ್ ಮಾರಬೇಕಾದರೆ ಮೊದಲು ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಆಗಬೇಕು, ಜಾಹೀರಾತಿನಲ್ಲಿ ಹೇಳಿದಷ್ಟು ಶಕ್ತಿ ಇದೆಯಾ ಎಂದು ಅಳೆಯಬೇಕು. 1920ರಿಂದ ಪರೀಕ್ಷೆ ಶುರುವಾಯಿತು. ಎಲ್ಲರೂ ಈ ಪರೀಕ್ಷೆಯ ಬಗ್ಗೆ ಮಾತಾಡುತ್ತಾರೆ. ನನಗೆ ಇಷ್ಟವಾದದ್ದು ಅದೇ ಕಾನೂನಿನ ಇನ್ನೊಂದು ಮಾತು: ಮಾರುವ ಕಂಪನಿ ರಾಜ್ಯದೊಳಗೆ ಸ್ಪೇರ್ ಪಾರ್ಟ್ಸ್ ದಾಸ್ತಾನು ಇಟ್ಟಿರಲೇಬೇಕು. ಪೆಟ್ಟು ತಿಂದ ರೈತನಿಗೆ ಎಲ್ಲಿ ನೋಯುತ್ತದೆ ಎಂದು ಗೊತ್ತಿತ್ತು, ಅಲ್ವಾ?

ನೀವೂ ಇದೇ ಎರಡನ್ನು ಕೇಳಿ. ಪರೀಕ್ಷೆಯ ವರದಿ ಇದೆಯಾ? ನೆಬ್ರಾಸ್ಕ ಬಿಟ್ಟರೆ ಹಲವು ದೇಶಗಳ ಒಕ್ಕೂಟವಾದ ಒಇಸಿಡಿಯ ಪರೀಕ್ಷೆಯೂ ಇದೆ, 1959ರಿಂದ ನಡೆಯುತ್ತಿದೆ. ವರದಿಯಲ್ಲಿ ಪಿಟಿಒ (ಹಿಂದೆ ಸಲಕರಣೆ ತಿರುಗಿಸುವ ಶಾಫ್ಟು) ಎಚ್‌ಪಿ ಎಷ್ಟು ಎಂದು ನೋಡಿ. ಎಂಜಿನ್ನಿನ ಎಚ್‌ಪಿ ಕ್ಯಾಟಲಾಗ್‌ನಲ್ಲಿ ದೊಡ್ಡ ಅಕ್ಷರದಲ್ಲಿರುತ್ತದೆ. ರೋಟವೇಟರ್ ತಿರುಗಿಸುವುದು ಪಿಟಿಒಗೆ ಬಂದು ತಲುಪುವ ಶಕ್ತಿ. ಅದು ಯಾವಾಗಲೂ ಕಡಿಮೆಯೇ.

ಪಾರ್ಟ್ಸ್ ವಿಷಯಕ್ಕೆ "ಎಲ್ಲಾ ಸಿಗುತ್ತೆ" ಎಂಬ ಉತ್ತರ ಒಪ್ಪಬೇಡಿ. ಬೆಲೆ ಮಾತಾಡುವ ಮೊದಲೇ ಒಂದು ಚೀಟಿ ಕೊಡಿ. ಕ್ಲಚ್ ಪ್ಲೇಟು, ವಾಟರ್ ಪಂಪ್, ಹೈಡ್ರಾಲಿಕ್ ಪಂಪಿನ ಸೀಲ್ ಕಿಟ್, ಮುಂದಿನ ಆಕ್ಸಲಿನ ಸೀಲು, ಸ್ಟಾರ್ಟರ್ ಮೋಟಾರ್. ಇವು ಇವತ್ತು ಅಂಗಡಿಯಲ್ಲಿ ಇವೆಯಾ ತೋರಿಸಿ ಎನ್ನಿ. ಐದರಲ್ಲಿ ಮೂರಾದರೂ ಕಣ್ಣಿಗೆ ಬೀಳಲಿ. ಪಾರ್ಟ್ ನಂಬರ್ ಇರುವ ಕ್ಯಾಟಲಾಗ್ ಕೂಡ ಕೇಳಿ. ಅದಿಲ್ಲದಿದ್ದರೆ ಫೋನಿನಲ್ಲಿ "ಆ ದುಂಡಗಿನದು, ಪಕ್ಕದಲ್ಲಿ ತೂತು ಇದೆಯಲ್ಲ" ಎಂದು ವಿವರಿಸುತ್ತಾ ಕೂರಬೇಕಾಗುತ್ತದೆ.

ಎಲ್ಲ ಪಾರ್ಟಿಗೂ ಡೀಲರನ್ನೇ ನಂಬಬೇಕಿಲ್ಲ, ಅದೊಂದು ಸಮಾಧಾನ. ಬೇರಿಂಗ್ ನಂಬರ್ ಜಗತ್ತಿಗೆಲ್ಲ ಒಂದೇ. 6205 ಎಂದರೆ ಒಳಗೆ 25 ಮಿ.ಮೀ., ಹೊರಗೆ 52 ಮಿ.ಮೀ., ಅಗಲ 15 ಮಿ.ಮೀ. ಯಾರು ಮಾಡಿದರೂ ಅಳತೆ ಬದಲಾಗುವುದಿಲ್ಲ. ಅಗ್ಗದ ಬೇರಿಂಗ್ ಹೋದರೆ ಒಳ್ಳೆ ಕಂಪನಿಯದ್ದು ಹಾಕಿಬಿಡಿ. ಆಯಿಲ್ ಸೀಲು, ವಿ-ಬೆಲ್ಟು, ಹೈಡ್ರಾಲಿಕ್ ಹೋಸು ಕೂಡ ಸಾಮಾನ್ಯವಾಗಿ ಅಳತೆ ಕೊಟ್ಟರೆ ಸಿಗುತ್ತವೆ. ಗೇರು, ಶಾಫ್ಟು, ಎರಕದ ಹೌಸಿಂಗ್ ಹಾಗಲ್ಲ. ಆ ಗಾಡಿಯದ್ದೇ ಬೇಕು.

ಇನ್ನು ನಿಮ್ಮ ಲೆಕ್ಕ. ಸ್ವಂತ ಜಮೀನಿಗೆ ಮಾತ್ರ, ವರ್ಷಕ್ಕೆ ನೂರಿನ್ನೂರು ಗಂಟೆ ಓಡಿಸುತ್ತೀರಿ, ಸ್ಪ್ಯಾನರ್ ಹಿಡಿಯಲು ಬೇಸರವಿಲ್ಲ, ಗಾಡಿ ಎರಡು ವಾರ ನಿಂತರೂ ಬೆಳೆ ಹಾಳಾಗುವುದಿಲ್ಲ ಎಂದಾದರೆ ತೆಗೆದುಕೊಳ್ಳಿ. ಉಳಿದ ದುಡ್ಡಿನಲ್ಲಿ ಒಂದು ಭಾಗವನ್ನು ರಿಪೇರಿಗೆ ಎತ್ತಿಡಿ. ಬಾಡಿಗೆಗೆ ಓಡಿಸುವ ಯೋಚನೆ ಇದ್ದರೆ ತಮ್ಮನ ಮಾತು ಕೇಳಿ. ಬಿತ್ತನೆ ಹೊತ್ತಿನಲ್ಲಿ ಒಂದು ಸೀಲಿಗಾಗಿ ನಿಂತ ಗಾಡಿ ಕಳೆಯುವ ಬಾಡಿಗೆ, ಕೊಳ್ಳುವಾಗ ಉಳಿಸಿದ್ದನ್ನು ಬೇಗ ತಿಂದುಹಾಕುತ್ತದೆ. ಮರುಮಾರಾಟದ ಬೆಲೆಯನ್ನೂ ಮರೆಯಬೇಡಿ. ಅರ್ಧಕ್ಕೆ ಕೊಂಡದ್ದು ಮಾರುವಾಗ ಅರ್ಧಕ್ಕಿಂತಲೂ ಕೆಳಗೆ ಹೋಗಬಹುದು.

ಪ್ರಶ್ನೆ: ಅಗ್ಗದ ಹೊಸದಕ್ಕಿಂತ ಜಪಾನಿನಿಂದ ಬಂದ ಹಳೆಯ ಟ್ರ್ಯಾಕ್ಟರ್ ವಾಸಿ ಎನ್ನುತ್ತಾರೆ. ನಿಜವೇ?

ಉತ್ತರ: ಲೋಹದ ಗುಣಮಟ್ಟ ನೋಡಿದರೆ ಹಲವು ಸಲ ನಿಜ. ಒಳ್ಳೆಯ ಯನ್ಮಾರ್ ಅಥವಾ ಇಸೆಕಿ ಎಂಜಿನ್ ಹಳೆಯದಾದರೂ ಮೊದಲ ಸೆಲ್ಫ್‌ಗೇ ಹಿಡಿಯುತ್ತದೆ. ತೊಂದರೆ ಬೇರೆ. ಅವು ಜಪಾನಿನ ಗದ್ದೆಗೆಂದು ಮಾಡಿದ ಗಾಡಿಗಳು. ಎಚ್ಚರಿಕೆಯ ಚೀಟಿಗಳೂ ಜಪಾನಿ ಭಾಷೆಯಲ್ಲೇ. ಕೆಲವದರಲ್ಲಿ ಪಿಟಿಒಗೆ ಮೂರು ವೇಗ. ಸಾಮಾನ್ಯ ಸಲಕರಣೆ 540 ಆರ್‌ಪಿಎಂಗೆ ಮಾಡಿದ್ದು. ತಪ್ಪು ಗೇರಿಗೆ ಹಾಕಿದರೆ ಅದು ಮಿತಿ ಮೀರಿ ತಿರುಗುತ್ತದೆ, ಚೂರಾದರೂ ಆಗಬಹುದು.

ಹೀಗೆ ಬೇರೆಯವರು ತಂದು ಮಾರಿದ ಹಳೆಯ ಕುಬೋಟಾ ಗಾಡಿಗಳ ಜಗಳ ಅಮೆರಿಕದಲ್ಲಿ ಕೋರ್ಟಿಗೂ ಹೋಗಿತ್ತು. ಜಪಾನಿಗೆಂದು ಮಾಡಿದ್ದಕ್ಕೂ ಅಮೆರಿಕದಲ್ಲಿ ಮಾರುವುದಕ್ಕೂ ವ್ಯತ್ಯಾಸ ಇದೆ ಎಂಬುದು ಕಂಪನಿಯ ವಾದ. 1999ರಲ್ಲಿ ಮೇಲ್ಮನವಿ ಕೋರ್ಟು ಆಮದು ತಡೆಯುವ ಆದೇಶವನ್ನೇ ಎತ್ತಿಹಿಡಿಯಿತು. ಹೊರಗಿನ ಹೆಸರು ಒಂದೇ ಇದ್ದರೂ ಕಂಪನಿಯ ಡೀಲರ್ ನಿಮ್ಮ ಗಾಡಿಗೆ ಪಾರ್ಟ್ಸ್ ಕೊಡಲೇಬೇಕು ಎಂದೇನಿಲ್ಲ. ಮೊದಲೇ ಫೋನ್ ಮಾಡಿ ಕೇಳಿ. ಗಂಟೆ ಮೀಟರ್ ನಂಬಬೇಡಿ, ಪೆಡಲ್ ರಬ್ಬರ್ ಎಷ್ಟು ಸವೆದಿದೆ ನೋಡಿ.

ಪ್ರಶ್ನೆ: ರೋಲ್ ಬಾರ್ (ಗಾಡಿ ಮಗುಚಿದಾಗ ಚಾಲಕನನ್ನು ಕಾಯುವ ಕಬ್ಬಿಣದ ಕಮಾನು) ಬಿಟ್ಟರೆ ಬೆಲೆ ಇನ್ನೂ ಇಳಿಸುತ್ತಾರಂತೆ. ನಮ್ಮದು ಸಮತಟ್ಟಾದ ಜಮೀನು. ಬಿಡಬಹುದಾ?

ಉತ್ತರ: ಬೇಡ. ಸಮತಟ್ಟು ಜಮೀನಿನಲ್ಲೂ ಕಾಲುವೆ ಅಂಚು ಇರುತ್ತದೆ, ಹಿಂದೆ ಸಿಕ್ಕಿಬಿದ್ದದ್ದನ್ನು ಎಳೆಯುವಾಗ ಮುಂಭಾಗ ಎದ್ದು ಹಿಂದಕ್ಕೆ ಮಗುಚುವುದೂ ಇದೆ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಇದನ್ನು ಕಡ್ಡಾಯ ಮಾಡಿತು. ಪೇಂಟ್, ಸೀಟು, ಮೀಟರ್ ಎಲ್ಲದರಲ್ಲೂ ಉಳಿಸಿ. ರೋಲ್ ಬಾರ್, ಬ್ರೇಕ್, ಸ್ಟೀರಿಂಗ್, ಪಿಟಿಒ ಮುಚ್ಚಳ, ಈ ನಾಲ್ಕರಲ್ಲಿ ಉಳಿಸಬೇಡಿ. ವರ್ಕ್‌ಶಾಪಿನಲ್ಲಿ ವೆಲ್ಡ್ ಮಾಡಿಸಿದ ಪೈಪು ರೋಲ್ ಬಾರ್ ಅಲ್ಲ. ಪರೀಕ್ಷೆ ಆಗಿರುವ ಲೇಬಲ್ ಇರಬೇಕು. ಬಾರ್ ನೆಟ್ಟಗಿದ್ದಾಗ ಸೀಟ್ ಬೆಲ್ಟ್ ಹಾಕಿ. ಮಡಚಿದ್ದಾಗ ಅಥವಾ ಬಾರ್ ಇಲ್ಲದ ಗಾಡಿಯಲ್ಲಿ ಬೆಲ್ಟ್ ಹಾಕಬೇಡಿ, ಮಗುಚಿದರೆ ಕೆಳಗೇ ಸಿಕ್ಕಿಕೊಳ್ಳುತ್ತೀರಿ.

ಪ್ರಶ್ನೆ: ಆಮದು ಟ್ರ್ಯಾಕ್ಟರ್ ತಂದಾಗಿದೆ. ಈಗೇನು ಮಾಡಲಿ?

ಉತ್ತರ: ಮೊದಲ ದಿನವೇ ಚಕ್ರದ ನಟ್ಟಿನಿಂದ ಶುರುಮಾಡಿ ಎಲ್ಲ ಬೋಲ್ಟ್ ಬಿಗಿ ಮಾಡಿ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಬರೆದಿರುತ್ತದೆ, ಅದು ಬಲದ ದರ್ಜೆ. ಭಾರ ಹೊರುವ ಕಡೆ ಏನೂ ಬರೆಯದ ಬೋಲ್ಟ್ ಕಂಡರೆ ಅದೇ ಅಳತೆಯ ಒಳ್ಳೆಯದು ಹಾಕಿ. 50 ಗಂಟೆ ಆಗುತ್ತಲೇ ಎಂಜಿನ್ ಆಯಿಲ್, ಗೇರ್ ಆಯಿಲ್, ಹೈಡ್ರಾಲಿಕ್ ಆಯಿಲ್, ಫಿಲ್ಟರ್ ಬದಲಿಸಿ. ಆಯಿಲ್ ಇಳಿಸುವಾಗ ಬಟ್ಟೆಯಲ್ಲಿ ಸೋಸಿ ನೋಡಿ. ಸಣ್ಣ ಬೆಳ್ಳಿ ಪುಡಿ ಹೊಸ ಗೇರಿಗೆ ಸಹಜ. ಚೂರು ಅಥವಾ ಮರಳು ಸಿಕ್ಕರೆ ಫೋಟೋ ತೆಗೆದು ಅವತ್ತೇ ಡೀಲರಿಗೆ ಬರೆದು ತಿಳಿಸಿ. ಬರೀ ಫೋನಿನಲ್ಲಿ ಹೇಳಿದ್ದು ವಾರಂಟಿಗೆ ನಿಲ್ಲುವುದಿಲ್ಲ.