ಮರ ಬಗ್ಗಿಸದೆ ಗಿಟಾರ್ ಮಾಡಬಹುದಾ?

ಪ್ರಶ್ನೆ: ನಾನು ಬಡಗಿ. ಎಂಟನೇ ಕ್ಲಾಸಿನ ಮಗಳು ಗಿಟಾರ್ ಬೇಕು ಅಂತಾಳೆ. ನಾನೇ ಮಾಡಿಕೊಡೋಣ ಅಂತ ಪಕ್ಕದ ಹಲಗೆ ಬಗ್ಗಿಸಲು ಹೋದೆ, ಎರಡು ಸಲವೂ ಸೀಳಿತು. ಬೇರೆ ದಾರಿ ಇದೆಯಾ ಸರ್?
– ಓದುಗರು, ಹಿರಿಯೂರು

ಉತ್ತರ: ಇದೆ. ತತ್ವಪದ ಹಾಡುವವರ ಏಕತಾರಿ ನೋಡಿದ್ದೀರಲ್ವಾ? ಒಣಗಿದ ಸೋರೆ ಬುರುಡೆ, ಒಂದು ಬಿದಿರ ಕೋಲು, ಒಂದು ತಂತಿ. ಅದರಲ್ಲಿ ಯಾರೂ ಏನನ್ನೂ ಬಗ್ಗಿಸಿಲ್ಲ. ಗಿಟಾರಿನ ಸೊಂಟ ತೊಡೆ ಮೇಲೆ ಕೂರಲು ಅನುಕೂಲ, ನೋಡಲು ಚೆಂದ, ಹೆಚ್ಚುಕಡಿಮೆ ಅಷ್ಟೇ. ನಾದ ಬಹುಪಾಲು ಹುಟ್ಟುವುದು ಮೇಲಿನ ಹಲಗೆಯಲ್ಲಿ. ತಂತಿ ತನ್ನ ಕೆಳಗೆ ಆನಿಸಿದ ಕುದುರೆ ಅನ್ನುವ ಮರದ ತುಂಡನ್ನು ಅಲುಗಿಸುತ್ತದೆ, ಕುದುರೆ ಹಲಗೆಯನ್ನು, ಹಲಗೆ ಗಾಳಿಯನ್ನು.

ಹಾಗಾಗಿ ನೇರ ಹಲಗೆಯ ಪೆಟ್ಟಿಗೆ ಮಾಡಿ. 35 ಸೆಂ.ಮೀ. ಉದ್ದ, 22 ಅಗಲ, 7 ಆಳ ಸಾಕು. ಪಕ್ಕಕ್ಕೆ ಮಿಕ್ಕ ಸಾಗುವಾನಿ ತುಂಡುಗಳು, ಮೇಲಕ್ಕೆ 3 ಮಿ.ಮೀ. ಪ್ಲೈವುಡ್. ತರುವಾಗ ಒಂದು ಮೂಲೆ ಹಿಡಿದು ಬೆರಳ ಗಂಟಿನಿಂದ ಬಡಿದು ನೋಡಿ. ಸದ್ದು ‘ದಬ್’ ಅಂತ ಅಲ್ಲೇ ಸತ್ತರೆ ಬೇಡ, ಸ್ವಲ್ಪ ಹೊತ್ತು ಗುಂಯ್‌ಗುಡಬೇಕು. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ನಿಜವಾದ ಕಷ್ಟ ದಂಡಿಯದು, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದ ಕೋಲಿನದು. ದಾವಣಗೆರೆಯಲ್ಲಿ ನಾನು ಮಾಡಿದ ಮೊದಲ ಪೆಟ್ಟಿಗೆಗೆ ದಂಡಿಯನ್ನು ಸುಮ್ನೆ ಫೆವಿಕಾಲ್ ಹಾಕಿ ಅಂಟಿಸಿ, ಆರು ಸ್ಟೀಲ್ ತಂತಿ ಬಿಗಿದಿದ್ದೆ. ರಾತ್ರಿ ‘ಫಟ್’ ಅಂತ ಸದ್ದು. ಬೆಳಿಗ್ಗೆ ನೋಡಿದರೆ ದಂಡಿ ಒಂದು ಕಡೆ, ಪೆಟ್ಟಿಗೆ ಒಂದು ಕಡೆ. ಆರು ತಂತಿಯ ಎಳೆತ ಒಟ್ಟು 60–70 ಕೆ.ಜಿ., ಅಂದರೆ ಹೆಚ್ಚುಕಡಿಮೆ ಒಂದು ಭತ್ತದ ಚೀಲ! ಅದಕ್ಕೇ ದಂಡಿ ಒಂದೇ ಕೋಲಾಗಿರಲಿ, ಪೆಟ್ಟಿಗೆಯ ಒಳಗಿಂದ ಹಾಯ್ದು ಆ ಕಡೆ ಎರಡು ಸೆಂ.ಮೀ. ಹೊರಗೆ ಬರಲಿ. ತಂತಿಯನ್ನು ಆ ತುದಿಗೇ ಕಟ್ಟಿ. ಒಳಗಿನ ಭಾಗವನ್ನು ಮಾತ್ರ ಉಜ್ಜುಗೊರಡು ಹಾಕಿ 3–4 ಮಿ.ಮೀ. ತಗ್ಗಿಸಿ. ಮೇಲಿನ ಹಲಗೆಗೆ ತಗುಲಿದರೆ ನಾದ ಕಟ್ಟಿಹೋಗುತ್ತದೆ.

ಮೂರೇ ತಂತಿ ಹಾಕಿ. ನೈಲಾನ್ ಆದರೆ ಮಗುವಿನ ಬೆರಳಿಗೂ ಮೆತ್ತಗೆ. ತಂತಿ ಬಿಗಿಸುವ ಬಿರಡೆ ಕೆತ್ತುತ್ತಾ ಕೂರಬೇಡಿ, ಗಿಟಾರ್ ಕೀ ಕೊಂಡುಬಿಡಿ.

ದಂಡಿಯ ತಲೆ ಕಡೆ ತಂತಿ ಆನಿಸುವ ಪಟ್ಟಿಯಿಂದ ಕುದುರೆವರೆಗೆ 60 ಸೆಂ.ಮೀ. ಇಟ್ಟುಕೊಂಡರೆ, ಅದನ್ನು 17.817ರಿಂದ ಭಾಗಿಸಿ. 3.37 ಸೆಂ.ಮೀ. ಬರುತ್ತದೆ. ಪಟ್ಟಿಯಿಂದ ಅಷ್ಟು ದೂರಕ್ಕೆ ಮೊದಲ ಮೆಟ್ಟಿಲು, ಅಂದರೆ ಬೆರಳಿಂದ ತಂತಿ ಒತ್ತಲು ದಂಡಿಗೆ ಅಡ್ಡ ಹಾಕುವ ಕಡ್ಡಿ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಮೊದಲನೆಯದರಿಂದ ಎರಡನೆಯದಕ್ಕೆ ಇರುವ ದೂರ. ಹೀಗೇ ಹೋಗಿ. ಹನ್ನೆರಡನೆಯದು 30 ಸೆಂ.ಮೀ.ಗೆ ಬಿದ್ದರೆ ಲೆಕ್ಕ ಸರಿ. ಮೆಟ್ಟಿಲಿಗೆ ಬಿದಿರ ಕಡ್ಡಿ ಅಂಟಿಸಿದರೂ ನಡೆಯುತ್ತದೆ.

ಕುದುರೆಗೆ ಅಂಟು ಹಾಕಬೇಡಿ, ತಂತಿಯ ಒತ್ತಡವೇ ಹಿಡಿದುಕೊಳ್ಳುತ್ತದೆ. ತಂತಿಯನ್ನು ಒತ್ತದೆ ಮೀಟಿದಾಗಿನ ಸ್ವರ ಷಡ್ಜ (ಸ) ಅಂದುಕೊಳ್ಳಿ; ಹನ್ನೆರಡನೇ ಮೆಟ್ಟಿಲಲ್ಲಿ ಒತ್ತಿದಾಗ ಮೇಲಿನ ಷಡ್ಜಕ್ಕಿಂತ ಸ್ವರ ಏರಿದ್ದರೆ ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ, ಅಂದರೆ ತಲೆಯಿಂದ ದೂರಕ್ಕೆ, ತಳ್ಳಿ. ಇಳಿದಿದ್ದರೆ ಮುಂದಕ್ಕೆ.