'ಸ್ಪೇಸ್ಡ್' ನೋಡುವ ಮೊದಲು ಯಾವೆಲ್ಲ ಸಿನಿಮಾ ನೋಡಿರಬೇಕು?

ಒಂದೂ ಬೇಡ. ಅಮೆರಿಕದ ಸಿಟ್‌ಕಾಮ್ (ಹಾಸ್ಯ ಧಾರಾವಾಹಿ) 'ಫ್ರೆಂಡ್ಸ್' ಮುಗಿಸಿದ್ದೀರಿ. 'ಸ್ಪೇಸ್ಡ್' ಅನ್ನೋ ಬ್ರಿಟಿಷ್ ಸಿಟ್‌ಕಾಮ್ ಅಂದರೆ ಬ್ರಿಟಿಷರ ಫ್ರೆಂಡ್ಸ್ ಅಂತ ಯಾರೋ ಹೇಳಿದ್ದಾರೆ. ಅದರ ತುಂಬ ಸಿನಿಮಾ ಅಣಕಗಳೇ ಅಂತ ಓದಿ, ಹೆದರಿ, ಪಟ್ಟಿ ಕೇಳುತ್ತಿದ್ದೀರಿ. ಆ ಪಟ್ಟಿ ಒಂದು ಕಾಲದಲ್ಲಿ ನನ್ನ ಹತ್ತಿರ ಇತ್ತು. ನಾನೇ ಬರೆದಿದ್ದೆ.

ಆಗ ನಾನೂ ದಾವಣಗೆರೆಯ ಒಬ್ಬ ಗೆಳೆಯನೂ ಬೆಂಗಳೂರಿನ ವಿಜಯನಗರದಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮಕ್ಕ ರಜೆಗೆ ಬಂದಾಗ ಸ್ಪೇಸ್ಡ್ ಡಿವಿಡಿ ತಂದುಕೊಟ್ಟಳು. ಒಟ್ಟು 14 ಕಂತು. ಏಳು 1999ರಲ್ಲಿ, ಏಳು 2001ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಬಂದವು. ಒಂದು ವಾರಾಂತ್ಯದಲ್ಲಿ ಮುಗಿಯುವಂಥದ್ದು. ನನಗೆ ವರ್ಷಗಳೇ ಹಿಡಿದವು.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ. ಆ ಡಿವಿಡಿಯಲ್ಲಿ ಮಾಮೂಲಿ ಸಬ್‌ಟೈಟಲ್ ಜೊತೆಗೆ 'ಹೋಮೇಜ್-ಓ-ಮೀಟರ್' ಅಂತ ಇನ್ನೊಂದಿದೆ. ಅದನ್ನು ಹಾಕಿಕೊಂಡರೆ ಈ ದೃಶ್ಯ ಯಾವ ಸಿನಿಮಾದ ಅಣಕ ಅಂತ ಕೆಳಗೆ ಹೆಸರು ಬರುತ್ತದೆ. ಆಗಲೇ ನೋಡಿ ಮುಗಿಸಿದವರಿಗೆ ಎರಡನೇ ಸಲಕ್ಕೆ ಅದು ಮಜಾ. ನಾನು ಮೊದಲನೇ ಸಲವೇ ಹಾಕಿದೆ. ಒಂದು ಸಲಕ್ಕೆ ಒಂದೇ ಸಬ್‌ಟೈಟಲ್ ಬರೋದು. ಇದು ಬಂತು ಅಂದರೆ ಮಾತಿನದ್ದು ಹೋಯಿತು. ಲಂಡನ್ನಿನ ಹುಡುಗರ ಆ ವೇಗದ ಮಾತು ನಮ್ಮ ಕಿವಿಗೆ ಅರ್ಧಕ್ಕರ್ಧ ಹಿಡಿಯುತ್ತಿರಲಿಲ್ಲ. ಸಬ್‌ಟೈಟಲ್ ನಮಗೆ ಬೇಕಾಗಿದ್ದೇ ಅದಕ್ಕೆ! ಅದನ್ನು ಬಿಟ್ಟು ಸಿನಿಮಾ ಹೆಸರು ಓದುತ್ತಾ ಕೂತೆವು. ಹೆಸರು ಕಂಡ ಕೂಡಲೇ ನಾನು ಡಿಸ್ಕ್ ನಿಲ್ಲಿಸುತ್ತಿದ್ದೆ, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ, ಮತ್ತೆ ಓಡಿಸುತ್ತಿದ್ದೆ. 25 ನಿಮಿಷದ ಕಂತು ಮುಗಿಯುತ್ತಲೇ ಇರಲಿಲ್ಲ. ಗೆಳೆಯ ಮೊದಲ ಸಂಜೆ ಹೇಗೋ ತಾಳಿಕೊಂಡ. ಮಾರನೇ ಸಂಜೆ, "ನೀನು ಪರೀಕ್ಷೆಗೆ ಓದ್ಕೊಳಪ್ಪಾ, ನಾನು ಮಲಗ್ತೀನಿ" ಅಂತ ಎದ್ದುಹೋದ.

ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು. ನಾನು ಡಿವಿಡಿಯನ್ನೇ ಪಕ್ಕಕ್ಕಿಟ್ಟು ಪಟ್ಟಿಯಲ್ಲಿದ್ದ ಸಿನಿಮಾಗಳನ್ನು ನೋಡಲು ಶುರು ಮಾಡಿದೆ. 'ದಿ ಶೈನಿಂಗ್', 'ಈವಿಲ್ ಡೆಡ್', ಹೀಗೆ. ಪಟ್ಟಿ ಮುಗಿಯುವ ಮೊದಲೇ ಗೆಳೆಯನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ಸಿಟ್‌ಕಾಮ್‌ನ ಅರ್ಧ ಖುಷಿ ಪಕ್ಕದಲ್ಲಿ ಕೂತು ನಗುವವನದ್ದು, ಅಲ್ವಾ? ಅದು ತಪ್ಪಿತು.

ಕೊನೆಗೆ ಮಾತಿನ ಸಬ್‌ಟೈಟಲ್ ಹಾಕಿಕೊಂಡು ಒಬ್ಬನೇ ನೋಡಿದೆ. ಟಿಮ್ ಕಾಮಿಕ್ಸ್ ಬರೆಯುವ ಕನಸಿನವನು, ಹುಡುಗಿ ಅವನನ್ನು ಮನೆಯಿಂದ ಹೊರಗೆ ಹಾಕಿದ್ದಾಳೆ. ಡೈಸಿಗೂ ಇರಲು ನೆಟ್ಟಗೆ ಜಾಗವಿಲ್ಲ. ಲಂಡನ್ನಿನಲ್ಲಿ ಕಡಿಮೆ ಬಾಡಿಗೆಯ ಮನೆ ಕಣ್ಣಿಗೆ ಬೀಳುತ್ತದೆ, ಆದರೆ ಅದು ಕೆಲಸದಲ್ಲಿರುವ ಜೋಡಿಗೆ ಮಾತ್ರ. ಆಗಷ್ಟೇ ಪರಿಚಯವಾದ ಇಬ್ಬರೂ ನಾವು ಜೋಡಿ ಅಂತ ಸುಳ್ಳು ಹೇಳಿ ಮನೆ ಹಿಡಿಯುತ್ತಾರೆ. 'ಫ್ಯಾಮಿಲಿಗೆ ಮಾತ್ರ' ಬೋರ್ಡ್ ನೋಡಿ ನೋಡಿ ಸಾಕಾಗಿ, ಓನರ್ ಆಂಟಿ ಹತ್ತಿರ "ನಾವು ಕಸಿನ್ಸ್" ಅಂದಿದ್ದವನು ನಾನು! ಇದಕ್ಕೆ ಯಾವ ಸಿನಿಮಾ ನೋಡಿರಬೇಕು ಹೇಳಿ?

ಡೈಸಿ ಬರಹಗಾರ್ತಿ. ಬರೆಯೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಾಳೆ. ಎರಡನೇ ಕಂತಿನಲ್ಲಿ ಬರೆಯೋದು ತಪ್ಪಿಸಿಕೊಳ್ಳಲು ಹೊಸ ಮನೆಯ ಪಾರ್ಟಿಯನ್ನೇ ಇಟ್ಟುಕೊಳ್ಳುತ್ತಾಳೆ. ಎಲ್ಲರೂ ಟಿಮ್ ಆಗಿ ನಟಿಸಿದ ಸೈಮನ್ ಪೆಗ್, ನಿರ್ದೇಶಕ ಎಡ್ಗರ್ ರೈಟ್ ಅಂತಲೇ ಮಾತಾಡುತ್ತಾರೆ. ಪೆಗ್ ಜೊತೆ ಕೂತು ಇದನ್ನು ಬರೆದವಳು ಡೈಸಿ ಪಾತ್ರದ ಜೆಸಿಕಾ ಸ್ಟೀವನ್ಸನ್, ಈಗ ಜೆಸಿಕಾ ಹೈನ್ಸ್. ನನ್ನನ್ನು ಕೇಳಿದರೆ ಸರಣಿಯ ಜೀವ ಅವಳೇ. ಆಮೇಲೆ ಟಿಮ್‌ನ ಗೆಳೆಯ ಮೈಕ್ ಇದ್ದಾನೆ, ನಟಿಸಿದವನು ನಿಕ್ ಫ್ರಾಸ್ಟ್. ಸೇನೆಯ ಹುಚ್ಚು. ಟ್ಯಾಂಕ್ ಎತ್ತಿಕೊಂಡು ಪ್ಯಾರಿಸ್ ಗೆಲ್ಲಲು ಹೊರಟಿದ್ದ ಆಸಾಮಿ.

ಅಣಕ ಇಲ್ಲ ಅಂತಲ್ಲ. ಮೂರನೇ ಕಂತಿನಲ್ಲಿ ಟಿಮ್ 'ರೆಸಿಡೆಂಟ್ ಈವಿಲ್ 2' ಅನ್ನೋ ವಿಡಿಯೋ ಗೇಮ್ ಆಡಿ ಆಡಿ, ಕಣ್ಣು ಬಿಟ್ಟರೆ ಜೋಂಬಿಗಳೇ (ಎದ್ದು ಓಡಾಡುವ ಹೆಣಗಳೇ) ಕಾಣುವ ಸ್ಥಿತಿಗೆ ಬರುತ್ತಾನೆ. ಪೆಗ್, ರೈಟ್ ಸೇರಿ ಮಾಡಿದ 2004ರ ಜೋಂಬಿ ಹಾಸ್ಯ ಸಿನಿಮಾ 'ಶಾನ್ ಆಫ್ ದಿ ಡೆಡ್' ಹುಟ್ಟಿದ್ದು ಅಲ್ಲಿಂದ. ಆ ಆಟ ಆಡದವರಿಗೂ ನಿದ್ದೆಗೆಟ್ಟವನ ಅವಸ್ಥೆ ಗೊತ್ತಿರುತ್ತದೆ. 1999ರ ಸ್ಟಾರ್ ವಾರ್ಸ್ ಸಿನಿಮಾ ಟಿಮ್‌ನ ಮನಸ್ಸು ಮುರಿದಿದೆ. ತಾನು ಕೆಲಸ ಮಾಡುವ ಅಂಗಡಿಗೆ ಆ ಸಿನಿಮಾದ ಜಾರ್ ಜಾರ್ ಅನ್ನೋ ಪಾತ್ರದ ಗೊಂಬೆ ಕೇಳಿಕೊಂಡು ಬಂದ ಪುಟ್ಟ ಹುಡುಗನ ಮೇಲೆ ರೇಗಾಡುತ್ತಾನೆ. ಇಷ್ಟು ಗೊತ್ತಿದ್ದರೆ ಸಾಕು. ಎರಡನೇ ಸೀಸನ್ನಿನಲ್ಲಿ ಬೀದಿಯ ಪುಂಡ ಹುಡುಗರ ಎದುರು ಬೆರಳನ್ನೇ ಪಿಸ್ತೂಲು ಮಾಡಿಕೊಂಡು ಸ್ಲೋ ಮೋಷನ್ನಿನಲ್ಲಿ ಗುಂಡು ಹಾರಿಸುತ್ತಾನಲ್ಲ, ಅದಕ್ಕಂತೂ ಚಿಕ್ಕವರಿದ್ದಾಗ ಡಿಷುಂ ಡಿಷುಂ ಆಡಿದ್ದರೆ ಆಯಿತು.

ಇನ್ನು 'ಬ್ರಿಟಿಷ್ ಫ್ರೆಂಡ್ಸ್' ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಹಿಂದಿನಿಂದ ನಗುವ ಜನ ಇಲ್ಲ. ಕ್ಯಾಮೆರಾ ಒಂದು ಕಡೆ ನಿಲ್ಲುವುದಿಲ್ಲ. ಕೈಯಲ್ಲಿ ಕಾಸಿಲ್ಲದವರ ಮನೆ ಹಾಗೇ ಕಾಣುತ್ತದೆ. ಅಮೆರಿಕದ ಫಾಕ್ಸ್ ಟಿವಿಯವರು ಪೆಗ್, ಸ್ಟೀವನ್ಸನ್, ರೈಟ್ ಮೂವರನ್ನೂ ಹೊರಗಿಟ್ಟು ತಮ್ಮದೊಂದು ಸ್ಪೇಸ್ಡ್ ಮಾಡಲು ಹೋದರು. ಪೈಲಟ್, ಅಂದರೆ ಮಾದರಿ ಕಂತು, ತೆಗೆದು ಅಲ್ಲಿಗೇ ಕೈಬಿಟ್ಟರು. ಫ್ರೆಂಡ್ಸ್ ತರಹದ್ದೇ ಬೇಕು ಅಂದರೆ ಸ್ಟೀವನ್ ಮೊಫಾಟ್ ಬರೆದ 'ಕಪ್ಲಿಂಗ್' ನೋಡಿ, 2000ದಿಂದ 2004ರವರೆಗಿನದು. ಮೂವರು ಹುಡುಗರು, ಮೂವರು ಹುಡುಗಿಯರು, ಒಂದು ಬಾರ್. ನನಗೆ ಅಷ್ಟಕ್ಕಷ್ಟೇ.

ಸ್ಪೇಸ್ಡ್ ಅನ್ನು ಮೊದಲ ಕಂತಿನಿಂದ ಶುರು ಮಾಡಿ, ಜೋಂಬಿ ಕಂತಿಗೆ ಹಾರಬೇಡಿ. ರೂಮ್‌ಮೇಟ್ ಇದ್ದರೆ ಎಳೆದು ಕೂರಿಸಿ. ಮೂರನೇದು ಮುಗಿದರೂ ನಗು ಬರಲಿಲ್ಲ ಅಂದರೆ ಸುಮ್ನೆ ಬಿಟ್ಟುಬಿಡಿ. ಟಿಮ್ ಮತ್ತು ಡೈಸಿ ಕೊನೆಗೆ ಒಂದಾಗುತ್ತಾರಾ ಅಂತಲೂ ಕೇಳಿದ್ದೀರಿ. 14 ಕಂತಿನಲ್ಲಿ ನೇರ ಉತ್ತರ ಇಲ್ಲ. 'ಸ್ಕಿಪ್ ಟು ದಿ ಎಂಡ್' ಅಂತ ಸರಣಿಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಇದೆ. ಅದರ ಕೊನೆಯಲ್ಲೊಂದು ತುಣುಕಿದೆ. ಮೊದಲೇ ಹುಡುಕಿ ನೋಡಬೇಡಿ, ನಾನೂ ಹೇಳುವುದಿಲ್ಲ.